ಎಂಜಲಿಗೆ ಮಡಿ ಉಂಟು, ಸಿಂಬಳಕ್ಕಿಲ್ಲ

ಮಳೆಗಾಲ ಶುರುವಾಯ್ತು ಅಂದ್ರೆ ನಮ್ಮ ಶಾಲೆಯಲ್ಲಿ ಎರಡು ಸದ್ದು ನಿಲ್ಲೋದೇ ಇಲ್ಲ. ಒಂದು ಹೆಂಚಿನ ಮೇಲೆ ಬೀಳೋ ಮಳೆಯದ್ದು. ಇನ್ನೊಂದು ಐದನೇ ಕ್ಲಾಸಿನ 38 ಮೂಗುಗಳು "ಸೊರ್ರ್..." ಅಂತ ಒಳಗೆ ಎಳೆದುಕೊಳ್ಳೋದು :-)

ನಾನು ಹಾಸನ ಜಿಲ್ಲೆಯ ಮಲೆನಾಡು ಸೆರಗಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡ್ತೀನಿ. ಇಲ್ಲಿ ಬಂದು ಹೋಗುವ ಹಳಬರಿಗೆ ಇದು ಗೊತ್ತು. ಹೊಸಬರಿಗೆ ನಮಸ್ಕಾರ. ಬಹಳ ದಿನದಿಂದ ಏನೂ ಬರೆದಿರಲಿಲ್ಲ, ಕಾರಣ ಇದೇ ಜ್ವರ. ಮೊದಲು ಮಕ್ಕಳಿಗೆ, ಆಮೇಲೆ ಮೇಷ್ಟ್ರುಗಳಿಗೆ. ಹಾಜರಿ ಪುಸ್ತಕ ತೆಗೆದರೆ ಒಂದು ವಾರದಲ್ಲಿ ಅರ್ಧ ಪುಟ ಗೈರು. ಸ್ಟಾಫ್ ರೂಮಿನಲ್ಲಿ ಒಬ್ಬೊಬ್ಬರದು ಒಂದೊಂದು ವಾದ. "ಮಳೇಲಿ ನೆನೆದು ಬಂತು", "ಐಸ್ ಕ್ಯಾಂಡಿ ತಿಂದು ಬಂತು", "ಬೆಂಚು ಒರೆಸಲ್ಲ ಅದಕ್ಕೇ ಬಂತು". ಮಳೆಗೂ ಐಸ್ ಕ್ಯಾಂಡಿಗೂ ವೈರಸ್ಸನ್ನ ಹುಟ್ಟಿಸೋ ಶಕ್ತಿ ಇಲ್ಲ, ಅವೆರಡನ್ನೂ ಬಿಡೋಣ. ಬೆಂಚಿನ ಮಾತು ಮಾತ್ರ ನನ್ನ ತಲೆಯಲ್ಲಿ ಕೂತುಬಿಟ್ಟಿತು. ಒಂದು ಮಗುವಿನ ಮೂಗಿನಿಂದ ಇನ್ನೊಂದು ಮಗುವಿನ ಮೂಗಿಗೆ ಫ್ಲೂ ಹೋಗೋದು ಯಾವ ದಾರೀಲಿ? ಮುಟ್ಟಿದ ವಸ್ತುವಿನ ಮೂಲಕವಾ, ಗಾಳಿಯ ಮೂಲಕವಾ? ಎರಡೂ ಇದ್ರೆ ಯಾವುದು ಎಷ್ಟು?

ಮೊದಲು ನಮ್ಮ ಕ್ಲಾಸಲ್ಲಿ ಎಲ್ಲರೂ ಮುಟ್ಟುವ ವಸ್ತುಗಳು ಯಾವುವು ಅಂತ ಒಂದು ಪಟ್ಟಿ ಮಾಡಿದೆ. ನೀವೂ ನಿಮ್ಮ ಶಾಲೆ ನೆನಪು ಮಾಡಿಕೊಳ್ಳಿ, ಹೆಚ್ಚು ಬದಲಾಗಿಲ್ಲ. ಬಾಗಿಲ ಚಿಲಕ. ಡಸ್ಟರು. ಕುಡಿಯುವ ನೀರಿನ ಡ್ರಮ್ಮಿಗೆ ಚೈನು ಹಾಕಿ ಕಟ್ಟಿರುವ ಸ್ಟೀಲ್ ಲೋಟ. ನಲ್ಲಿಯ ತಿರುಪು. ಶೌಚಾಲಯದ ಬೀಗದ ಕೈ, ಅದು ಕಳೆದುಹೋಗಬಾರದು ಅಂತ ಅದಕ್ಕೆ ಕಟ್ಟಿದ ಮರದ ತುಂಡು. ನಲಿ-ಕಲಿ ಕೋಣೆಯ ಕಾರ್ಡುಗಳು, ಸ್ಲೇಟು, ಬಳಪ. ಕಂಪ್ಯೂಟರಿನ ಒಂದೇ ಒಂದು ಮೌಸು. ಇಷ್ಟು ಶಾಲೆಯ ಆಸ್ತಿ. ಮಕ್ಕಳ ಆಸ್ತಿ ಬೇರೆ. ಒಬ್ಬಳ ಹತ್ತಿರ ಮೆಂಡರ್, ಒಬ್ಬನ ಹತ್ತಿರ ರಬ್ಬರು, ಇನ್ನೊಬ್ಬನ ಹತ್ತಿರ ಸ್ಕೇಲು. ಮೂರೂ ಮೂವತ್ತೆಂಟು ಜನಕ್ಕೆ ಸಾಲ. ಪೆನ್ಸಿಲ್ ಹಿಂಭಾಗ ಕಚ್ಚಿ ಕಚ್ಚಿ ಬೇವಿನ ಕಡ್ಡಿ ಥರ ಆಗಿರುತ್ತೆ, ಅದೂ ಸಾಲಕ್ಕೆ ಹೋಗುತ್ತೆ.

ಮಜಾ ಏನು ಗೊತ್ತಾ, ಈ ಮಕ್ಕಳಿಗೆ ಎಂಜಲಿನ ವಿಷಯದಲ್ಲಿ ಭಾರೀ ಮಡಿ. ಚೈನಿನ ಲೋಟಕ್ಕೆ ಯಾರಾದರೂ ತುಟಿ ತಾಗಿಸಿದರೆ ಇಡೀ ಸಾಲು ಕೂಗುತ್ತೆ, "ಮಿಸ್, ಇವ್ನು ಕಚ್ಚಿ ಕುಡೀತಾ ಅವ್ನೆ!" ಎತ್ತಿ ಕುಡಿಯಬೇಕು, ಅದು ನಿಯಮ. ಪೆಪ್ಪರ್‌ಮಿಂಟ್ ಹಂಚಿಕೊಳ್ಳುವಾಗ ಅಂಗಿಯ ತುದಿಯಲ್ಲಿ ಸುತ್ತಿ ಕಚ್ಚಿ ಎರಡು ಮಾಡ್ತಾರೆ. ಕಾಗೆ ಎಂಜಲು! ನಾವೂ ಮಾಡಿದ್ದೇ. ಕೆಲವು ಕಡೆ ಗುಬ್ಬಿ ಎಂಜಲು ಅಂತಾರಂತೆ. ಬಟ್ಟೆ ಅಡ್ಡ ಬಂದರೆ ಎಂಜಲಲ್ಲ, ಮುಗೀತು. ಆದರೆ ಅದೇ ಮಗು ಗೊಣ್ಣೆಯನ್ನ ಅಂಗೈಯಿಂದ ಮೇಲಕ್ಕೆ ಒರೆಸಿ, ಅದೇ ಕೈಯಲ್ಲಿ ಪೆಪ್ಪರ್‌ಮಿಂಟ್ ತುಂಡು ಕೊಟ್ಟರೆ ಯಾರೂ ಏನೂ ಅನ್ನಲ್ಲ. ನಮ್ಮ ಅಜ್ಜಿಯಂದಿರು ಎಂಜಲಿಗೆ ಇಷ್ಟೊಂದು ಕಾನೂನು ಮಾಡಿಟ್ಟರು, ಸಿಂಬಳಕ್ಕೆ ಮಾತ್ರ ಯಾವ ಮಡಿಯನ್ನೂ ಮಾಡಲಿಲ್ಲ. ಫ್ಲೂ ವೈರಸ್ಸು ನುಸುಳೋದು ಈ ಸಂದಿಯಲ್ಲೇ.

ಇದನ್ನ ಮಕ್ಕಳಿಗೆ ಹೇಗೆ ತೋರಿಸೋದು? ವೈರಸ್ಸಿನ ಗಾತ್ರ ಒಂದು ಮಿಲಿಮೀಟರಿನ ಹತ್ತು ಸಾವಿರದಲ್ಲಿ ಒಂದು ಭಾಗ. ನಮ್ಮ ಶಾಲೆಯ ಸೂಕ್ಷ್ಮದರ್ಶಕದಲ್ಲಿ ಈರುಳ್ಳಿ ಸಿಪ್ಪೆ ಕಂಡರೇ ಹಬ್ಬ. ಆಗ ಹೊಳೆದಿದ್ದು ಅರಿಶಿನ.

ಒಂದು ಬೆಳಿಗ್ಗೆ ಮಕ್ಕಳು ಪ್ರಾರ್ಥನೆಗೆ ನಿಂತಿದ್ದಾಗ, ಅರಿಶಿನದ ಪುಡಿಯನ್ನ ಎರಡು ಹನಿ ಕೊಬ್ಬರಿ ಎಣ್ಣೆಯಲ್ಲಿ ಕಲಸಿ, ನಾಲ್ಕೇ ನಾಲ್ಕು ಕಡೆ ತೆಳ್ಳಗೆ ಸವರಿಟ್ಟೆ. ಚಿಲಕ, ಡಸ್ಟರಿನ ಹಿಡಿ, ಶೌಚಾಲಯದ ಬೀಗದ ಕೈ, ಮೇಜಿನ ಮೇಲೆ ಇಟ್ಟ ಒಂದು ಹಳದಿ ಬಣ್ಣದ ಪೆನ್ಸಿಲ್. ಯಾರಿಗೂ ಹೇಳಲಿಲ್ಲ. ಹೇಳಿದರೆ ಬೇಕಂತಲೇ ಮುಟ್ಟುತ್ತಾರೆ, ಇಲ್ಲ ಬೇಕಂತಲೇ ಮುಟ್ಟೋದೇ ಇಲ್ಲ. ಬಿಸಿಯೂಟದ ಗಂಟೆ ಹೊಡೆಯೋ ಮುಂಚೆ ಎಲ್ಲರನ್ನೂ ಕಿಟಕಿ ಹತ್ತಿರ ಕರೆದು ಕೈ ನೋಡಿದೆ. ಅರ್ಧಕ್ಕಿಂತ ಹೆಚ್ಚು ಮಕ್ಕಳ ಬೆರಳಲ್ಲಿ ಹಳದಿ. ಕೈ ಮಾತ್ರ ಅಲ್ಲ. ಇಬ್ಬರ ಮೂಗಿನ ಹೊಳ್ಳೆ ಹತ್ತಿರ, ಒಬ್ಬಳ ಕಣ್ಣಿನ ಮೂಲೆಯಲ್ಲಿ, ನಾನು ಸವರದೇ ಇದ್ದ ಚೈನಿನ ಲೋಟದ ಮೇಲೆ, ನಲ್ಲಿಯ ಮೇಲೆ, ಕೊನೆಗೆ ನನ್ನ ಹಾಜರಿ ಪುಸ್ತಕದ ರಟ್ಟಿನ ಮೇಲೂ! (ಬಿಳಿ ಯೂನಿಫಾರಂ ಮೇಲೆ ಆದ ಕಲೆಗಳಿಗೆ ಮಾರನೇ ದಿನ ತಾಯಂದಿರಿಂದ ನನಗೆ ಆದ ಮಂಗಳಾರತಿ ಬೇರೆ ಕಥೆ.)

ಆಮೇಲೆ ಕೈ ತೊಳೆಯೋಕೆ ಕಳಿಸಿದೆ. ಬಟ್ಟೆ ಸೋಪು ಹಚ್ಚುತ್ತಿದ್ದ ಹಾಗೇ ಹಳದಿ ಇದ್ದ ಜಾಗ ಎಲ್ಲಾ ಕೆಂಪಗಾಯ್ತು. "ಅಯ್ಯೋ ರಕ್ತ ಮಿಸ್!" ಅಂತ ಒಬ್ಬ ಕಿರುಚಿದ. ರಕ್ತ ಅಲ್ಲಪ್ಪ, ಸೋಪು ಕ್ಷಾರ, ಅರಿಶಿನಕ್ಕೆ ಕ್ಷಾರ ತಾಗಿದರೆ ಕೆಂಪಾಗುತ್ತೆ. ಅರಿಶಿನಕ್ಕೆ ಸುಣ್ಣ ಹಾಕಿ ಓಕುಳಿ ಮಾಡ್ತೀವಲ್ಲ, ಹಾಗೆ. ಬರೀ ನೀರಲ್ಲಿ ಅದ್ದಿ ಓಡಿ ಬಂದವರ ಕೈ ಹಳದಿಯಾಗೇ ಇತ್ತು. ಸೋಪು ಹಚ್ಚಿದವರಲ್ಲೂ ಉಗುರಿನ ಸಂದು, ಹೆಬ್ಬೆರಳಿನ ಹಿಂಭಾಗ ತಪ್ಪಿಹೋಗಿತ್ತು. ಅವತ್ತು ಕಲಿತಷ್ಟು ಕೈ ತೊಳೆಯೋ ಪಾಠವನ್ನ ಮಕ್ಕಳು ಯಾವ ಪೋಸ್ಟರಿನಿಂದಲೂ ಕಲಿತಿರಲಿಲ್ಲ.

ಇಲ್ಲಿಗೇ ನಿಲ್ಲಿಸಿದರೆ "ನೋಡಿ, ಎಲ್ಲಾ ಬೆಂಚಿನಿಂದಲೇ ಹರಡೋದು" ಅಂತ ಮುಗಿಸಿಬಿಡಬಹುದು. ಆದರೆ ಅರಿಶಿನಕ್ಕೂ ವೈರಸ್ಸಿಗೂ ಒಂದು ದೊಡ್ಡ ವ್ಯತ್ಯಾಸ ಇದೆ. ಅರಿಶಿನ ಸಾಯೋದಿಲ್ಲ.

ಬ್ಯಾಕ್ಟೀರಿಯಾ ಆದರೆ ಹಳಸಿದ ಅನ್ನದಲ್ಲಿ ತಾನೇ ಬೆಳೆಯುತ್ತೆ. ಫ್ಲೂ ವೈರಸ್ಸು ಹಾಗಲ್ಲ. ಅದಕ್ಕೆ ಬೆಳೆಯೋಕೆ ಜೀವಂತ ಕೋಶ ಬೇಕು, ನಮ್ಮ ಮೂಗು ಗಂಟಲಿನ ಒಳಪದರ ಬೇಕು. ಹೊರಗೆ ಬಿದ್ದ ಗಳಿಗೆಯಿಂದಲೇ ಅದರ ಲೆಕ್ಕ ಇಳಿಮುಖ. ಪ್ರಶ್ನೆ ಇರೋದು ಎಷ್ಟು ಬೇಗ ಇಳಿಯುತ್ತೆ ಅನ್ನೋದರಲ್ಲಿ. ಇದನ್ನ ಅಮೆರಿಕಾದ ಮಿನೆಸೋಟದಲ್ಲಿ ಕೆಲವರು ಅಳೆದು 1982ರಲ್ಲಿ ಪ್ರಕಟಿಸಿದ್ದರು. ಸ್ಟೀಲು, ಪ್ಲಾಸ್ಟಿಕ್ಕಿನಂಥ ನುಣುಪು ಮೇಲ್ಮೈ ಮೇಲೆ ಫ್ಲೂ ವೈರಸ್ಸು 24ರಿಂದ 48 ಗಂಟೆ ಉಳಿದಿತ್ತು. ಬಟ್ಟೆ, ಕಾಗದದ ಮೇಲೆ 8ರಿಂದ 12 ಗಂಟೆಯೊಳಗೆ ಮುಗಿದಿತ್ತು. ಸ್ಟೀಲಿನಿಂದ ಕೈಗೆ 24 ಗಂಟೆಯವರೆಗೂ ದಾಟಬಲ್ಲದು, ಕಾಗದದ ಕರವಸ್ತ್ರದಿಂದ 15 ನಿಮಿಷ ಅಷ್ಟೇ. ಈಗ ಮುಖ್ಯವಾದ ಸಂಖ್ಯೆ ಕೇಳಿ. ಕೈಗೆ ದಾಟಿದ ಮೇಲೆ ಅದು ಉಳಿದದ್ದು ಹೆಚ್ಚೆಂದರೆ 5 ನಿಮಿಷ!

ಐದೇ ನಿಮಿಷ. ಅಂದ್ರೆ ಚಿಲಕದ ಮೇಲಿನ ವೈರಸ್ಸು ಮಗುವಿನ ಮೂಗು ಸೇರಬೇಕಾದರೆ, ಆ ಮಗು ಚಿಲಕ ಮುಟ್ಟಿದ ಐದು ನಿಮಿಷದೊಳಗೆ ಮೂಗಿಗೋ ಕಣ್ಣಿಗೋ ಬಾಯಿಗೋ ಕೈ ಹಾಕಬೇಕು. ಹಾಕುತ್ತಾ ಅಂತ ಕೇಳ್ತೀರಾ? ಸಿಡ್ನಿಯಲ್ಲಿ 26 ಜನ ವೈದ್ಯಕೀಯ ವಿದ್ಯಾರ್ಥಿಗಳನ್ನ ಪಾಠ ಕೇಳುವಾಗ ವಿಡಿಯೋ ಮಾಡಿ ಎಣಿಸಿ 2015ರಲ್ಲಿ ಪ್ರಕಟಿಸಿದ್ದಾರೆ. ಸರಾಸರಿ ಗಂಟೆಗೆ 23 ಸಲ ಮುಖ ಮುಟ್ಟಿಕೊಂಡಿದ್ದರು. ಅದರಲ್ಲಿ 44 ಪ್ರತಿಶತ ಕಣ್ಣು, ಮೂಗು, ಬಾಯಿಗೇ. ಡಾಕ್ಟರ್ ಆಗೋಕೆ ಓದುತ್ತಿರೋರ ಕಥೆಯೇ ಹೀಗಾದರೆ ನಮ್ಮ ಐದನೇ ಕ್ಲಾಸಿನವರದ್ದು ಕೇಳಲೇಬೇಡಿ. ನೀವೂ ಇದನ್ನ ಓದುತ್ತಾ ಗದ್ದಕ್ಕೆ ಕೈ ಕೊಟ್ಟು ಕೂತಿದ್ದೀರಿ, ಅಲ್ವಾ? :-)

ಇನ್ನೊಂದು ವಿಷಯ ನಮ್ಮ ಸಿಂಬಳದ ಕಥೆಗೆ ನೇರ ಸಂಬಂಧಪಟ್ಟದ್ದು. ಸ್ವಿಟ್ಜರ್ಲೆಂಡಿನಲ್ಲಿ ನೋಟುಗಳ ಮೇಲೆ ಫ್ಲೂ ವೈರಸ್ಸು ಹಾಕಿ ನೋಡಿದರು, 2008ರಲ್ಲಿ ಬಂದ ವರದಿ. ಬರೀ ವೈರಸ್ಸು ಹಾಕಿದಾಗ ಹೆಚ್ಚೆಂದರೆ 3 ದಿನ ಉಳಿಯಿತು. ಮೂಗಿನ ಲೋಳೆ ಸೇರಿಸಿ ಹಾಕಿದಾಗ 17 ದಿನದವರೆಗೂ ಉಳಿದ ಉದಾಹರಣೆ ಸಿಕ್ಕಿತು! ಸಿಂಬಳ ಅನ್ನೋದು ವೈರಸ್ಸಿಗೆ ಕಂಬಳಿ ಇದ್ದ ಹಾಗೆ. ಒಣಗೋಕೆ ಬಿಡಲ್ಲ.

ಆದರೆ ದಾರಿಯಲ್ಲಿ ಪ್ರತಿ ಹೆಜ್ಜೆಗೂ ಸುಂಕ ಇದೆ ಅನ್ನೋದನ್ನ ಮರೆಯಬಾರದು. ಮೂಗಿನಿಂದ ಕೈಗೆ ಬಂದದ್ದರಲ್ಲಿ ಸ್ವಲ್ಪ ಮಾತ್ರ ಪೆನ್ಸಿಲಿಗೆ, ಪೆನ್ಸಿಲಿನದ್ದರಲ್ಲಿ ಸ್ವಲ್ಪ ಮಾತ್ರ ಇನ್ನೊಂದು ಕೈಗೆ, ಆ ಕೈಯಿಂದ ಇನ್ನೂ ಸ್ವಲ್ಪ ಮೂಗಿಗೆ. ಅದಕ್ಕೇ ನಿನ್ನೆ ಸಂಜೆ ಮುಟ್ಟಿದ ಬೆಂಚಿಗಿಂತ, ಈಗ ತಾನೇ ಗೊಣ್ಣೆ ಒರೆಸಿದ ಕೈಯಿಂದ ಪಕ್ಕದವಳಿಗೆ ದಾಟುವ ರಬ್ಬರು ಹೆಚ್ಚು ಅಪಾಯ. ದಾರಿ ಇರೋದು ನಿಜ, ಆದರೆ ಅದು ಕಾಲುದಾರಿ.

ಹಾಗಾದರೆ ಹೆದ್ದಾರಿ ಯಾವುದು? ಗಾಳಿ. 1977ರಲ್ಲಿ ಅಲಾಸ್ಕಾದಲ್ಲಿ ಒಂದು ವಿಮಾನ ಎಂಜಿನ್ ಕೆಟ್ಟು ನೆಲದ ಮೇಲೇ ಗಂಟೆಗಟ್ಟಲೆ ನಿಂತಿತ್ತು. ಒಳಗೆ 54 ಜನ. ಗಾಳಿಯಾಡಿಸುವ ವ್ಯವಸ್ಥೆ ಬಂದ್. ಒಬ್ಬರಿಗೆ ಫ್ಲೂ, ಕೆಮ್ಮುತ್ತಾ ಕೂತಿದ್ದರು. ಮೂರು ದಿನದೊಳಗೆ ಪ್ರಯಾಣಿಕರಲ್ಲಿ 72 ಪ್ರತಿಶತ ಜನ ಮಲಗಿದರು. ಅಷ್ಟೂ ಜನ ಆ ಒಬ್ಬರ ಸೀಟನ್ನ ಮುಟ್ಟಿ ಬಂದಿರೋದು ಕಷ್ಟ. ಈಗ ನಮ್ಮ ಕ್ಲಾಸ್ ರೂಮು ನೋಡಿ. ಜುಲೈ ತಿಂಗಳು, ಇರಚಲು ಒಳಗೆ ಬರುತ್ತೆ ಅಂತ ಕಿಟಕಿಗಳೆಲ್ಲಾ ಮುಚ್ಚಿ, ಬಾಗಿಲು ಅರ್ಧ ಹಾಕಿ, ಒಂದು ಬೆಂಚಿಗೆ ನಾಲ್ಕು ಜನರಂತೆ ಒತ್ತಿಕೊಂಡು ಕೂತು, ಎಲ್ಲರೂ ಒಟ್ಟಿಗೆ ಗಟ್ಟಿಯಾಗಿ ಮಗ್ಗಿ ಹೇಳ್ತಾರೆ. ಹಾರದೇ ಇರುವ ವಿಮಾನ ನಮ್ಮದೂ.

ಈ ಗಾಳಿ-ಬೆಂಚಿನ ಜಗಳ ನಾವೆಲ್ಲ ಕಣ್ಣಾರೆ ನೋಡಿದ್ದೇ. 2009ರಲ್ಲಿ ಹಂದಿಜ್ವರ ಬಂದಾಗ ನೆನಪಿದೆಯಾ? ಆ ವರ್ಷ ಜೂನ್ 11ಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಅದನ್ನ ಮಹಾಮಾರಿ ಅಂತ ಘೋಷಿಸಿತು. ಆಗಸ್ಟಿನಲ್ಲಿ ಪುಣೆಯ 14 ವರ್ಷದ ಶಾಲಾ ಹುಡುಗಿಯೊಬ್ಬಳು ತೀರಿಕೊಂಡಳು, ದೇಶದ ಮೊದಲ ಸಾವು. ಪುಣೆ, ಮುಂಬೈಯಲ್ಲಿ ಶಾಲೆಗಳು ಬಾಗಿಲು ಹಾಕಿದವು. ಆಮೇಲೆ ಕೊರೋನಾ. ನಮ್ಮ ರಾಜ್ಯದಲ್ಲಿ ಒಂದರಿಂದ ಐದನೇ ಕ್ಲಾಸಿನವರು ಮತ್ತೆ ಶಾಲೆಗೆ ಬಂದದ್ದು 2021ರ ಅಕ್ಟೋಬರ್ 25ಕ್ಕೆ. ಅದಕ್ಕೆ ಮುಂಚೆ ತೋಟದಲ್ಲಿ ಬೋರ್ಡೋ ದ್ರಾವಣ ಹೊಡೆಯೋ ಪಂಪನ್ನೇ ಬೆನ್ನಿಗೆ ಕಟ್ಟಿಕೊಂಡು ಬಂದು, ಬೆಂಚು, ಗೋಡೆ, ಗಾಂಧೀಜಿ ಫೋಟೋ ಯಾವುದನ್ನೂ ಬಿಡದೆ ಹೈಪೋಕ್ಲೋರೈಟ್ ಹೊಡೆದು ಹೋದರು. ವಾರ ಕಣ್ಣು ಉರಿ. ಅಷ್ಟು ಹೊತ್ತಿಗಾಗಲೇ, 2021ರ ಏಪ್ರಿಲಿನಲ್ಲೇ, ಅಮೆರಿಕಾದ ಸಿಡಿಸಿ ಸಂಸ್ಥೆ ಒಂದು ಲೆಕ್ಕ ಕೊಟ್ಟಿತ್ತು. ವೈರಸ್ಸು ಇರುವ ಮೇಲ್ಮೈಯನ್ನ ಒಂದು ಸಲ ಮುಟ್ಟಿದರೆ ಕೊರೋನಾ ತಗಲುವ ಸಾಧ್ಯತೆ ಸಾಮಾನ್ಯವಾಗಿ ಹತ್ತು ಸಾವಿರಕ್ಕೆ ಒಂದಕ್ಕಿಂತ ಕಡಿಮೆ ಅಂತ. ಫ್ಲೂ ಬೇರೆ ವೈರಸ್ಸು, ಆ ಸಂಖ್ಯೆಯನ್ನ ಹಾಗೇ ತಂದು ಇದಕ್ಕೆ ಅಂಟಿಸೋಕಾಗಲ್ಲ. ಆದರೆ ಪಂಪು ಹೊಡೆಯೋದು ಯಾಕೆ ಎಲ್ಲರಿಗೂ ಇಷ್ಟ ಅನ್ನೋದು ನನಗೆ ಅವತ್ತು ಅರ್ಥ ಆಯ್ತು. ಅದು ಫೋಟೋದಲ್ಲಿ ಚೆನ್ನಾಗಿ ಬರುತ್ತೆ. ತೆರೆದ ಕಿಟಕಿಯ ಫೋಟೋ ಯಾರು ಹಾಕಿಕೊಳ್ತಾರೆ?

ಹಾಗಂತ ಒರೆಸೋದು ದಂಡ ಅಂತಲೂ ಅಲ್ಲ. ಅಮೆರಿಕಾದ ಒಹಾಯೋದ ಒಂದು ಪ್ರಾಥಮಿಕ ಶಾಲೆಯಲ್ಲಿ 285 ಮಕ್ಕಳನ್ನಿಟ್ಟುಕೊಂಡು ಎಂಟು ವಾರ ಪ್ರಯೋಗ ಮಾಡಿದರು, 2008ರಲ್ಲಿ ಪ್ರಕಟವಾಯ್ತು. ಕೆಲವು ಕ್ಲಾಸುಗಳಲ್ಲಿ ಸ್ಯಾನಿಟೈಸರ್ ಕೊಟ್ಟು, ಡೆಸ್ಕುಗಳನ್ನ ದಿನಾ ಸೋಂಕುನಾಶಕದಿಂದ ಒರೆಸಿದರು. ಹೊಟ್ಟೆ ಕೆಟ್ಟು ಗೈರಾಗೋದು ಕಡಿಮೆ ಆಯ್ತು. ಕೆಮ್ಮು, ನೆಗಡಿಯಿಂದ ಗೈರಾಗೋದು ಕಡಿಮೆ ಆಗಲಿಲ್ಲ. ಅದೇ ಈಜಿಪ್ಟಿನ ಕೈರೋದಲ್ಲಿ 60 ಶಾಲೆಗಳಲ್ಲಿ ಇನ್ನೊಂದು ಪ್ರಯೋಗ, 2011ರಲ್ಲಿ ಪ್ರಕಟವಾದದ್ದು. ಅರ್ಧ ಶಾಲೆಗಳಲ್ಲಿ ದಿನಕ್ಕೆ ಎರಡು ಸಲ ಸೋಪು ಹಾಕಿ ಕೈ ತೊಳೆಸಿದರು. ಪ್ರಯೋಗಾಲಯದಲ್ಲಿ ಖಚಿತವಾದ ಫ್ಲೂನಿಂದ ಗೈರಾಗೋದು ಅರ್ಧಕ್ಕೆ ಇಳಿಯಿತು! ಎಲ್ಲಾ ಕಡೆ ಹೀಗೇ ಆಗುತ್ತೆ ಅಂತಲ್ಲ. ಆದರೆ ಕೈರೋದ ಕಿಕ್ಕಿರಿದ ಶಾಲೆ ನಮ್ಮ ಶಾಲೆಗೆ ಒಹಾಯೋಗಿಂತ ಹತ್ತಿರದ ನೆಂಟ. ಕಾರಣವೂ ಸರಳ. ಫ್ಲೂ ವೈರಸ್ಸಿನ ಹೊರಗವಚ ಕೊಬ್ಬಿನದ್ದು. ಜಿಡ್ಡು ಪಾತ್ರೆಗೆ ಸೋಪು ಏನು ಮಾಡುತ್ತೋ ಅದೇ ಕೆಲಸ ಇಲ್ಲೂ ಮಾಡುತ್ತೆ, ಕವಚ ಬಿಚ್ಚಿಹೋಗುತ್ತೆ. ಮೂವತ್ತೆಂಟು ಮಕ್ಕಳು ಮುಟ್ಟೋ ಸಾವಿರ ಜಾಗ ಒರೆಸೋದಕ್ಕಿಂತ, ಆ ಎಲ್ಲಾ ದಾರಿಗಳೂ ಬಂದು ಸೇರೋ ಎರಡು ಕೈ ತೊಳೆಯೋದು ಸುಲಭ ಅಲ್ವಾ?

ಈಗ ಈ ಲೆಕ್ಕ ಎಲ್ಲಾ ಯಾಕೆ ಹಾಕೋಕೆ ಕೂತೆ ಅಂತ ಹೇಳ್ತೀನಿ.

ನಮ್ಮ ಕ್ಲಾಸಲ್ಲಿ ಒಬ್ಬ ಹುಡುಗಿ. ಅಪ್ಪ ಅಮ್ಮ ಇಬ್ಬರೂ ಎಸ್ಟೇಟ್ ಕೆಲಸಕ್ಕೆ ಹೋಗ್ತಾರೆ, ಮನೇಲಿ ಅಜ್ಜಿ. ದಾನಿಗಳೊಬ್ಬರು ಒಂದು ದಿನವೂ ತಪ್ಪಿಸದೆ ಬಂದ ಮಕ್ಕಳಿಗೆ ಅಂತ ಸ್ಟೀಲ್ ಡಬ್ಬಿ ಬಹುಮಾನ ಇಟ್ಟಿದ್ದರು. ಈ ಹುಡುಗಿ ಜೂನಿನಿಂದ ಒಂದು ದಿನ ತಪ್ಪಿಸಿರಲಿಲ್ಲ. ಆ ಸೋಮವಾರ ಬಂದಾಗ ಮೈ ಕೆಂಡ. "ಮನೇಗೆ ಹೋಗೇ" ಅಂದೆ. "ಅಮ್ಮ ಕೆಲ್ಸಕ್ಕೋಗೈತೆ ಮಿಸ್, ಡಬ್ಬಿ ತಪ್ಪೋಯ್ತದೆ" ಅಂದಳು. ಮಧ್ಯಾಹ್ನ ಅವರಪ್ಪ ಬರೋವರೆಗೂ ಅಮ್ಮನ ಶಾಲು ಹೊದ್ದು ಬೆಂಚಿಗೆ ತಲೆ ಇಟ್ಟು ಮಲಗಿದ್ದಳು. ಮಂಗಳವಾರ ಮತ್ತೆ ಬಂದಳು! ಗುರುವಾರದ ಹೊತ್ತಿಗೆ ಅವಳ ಬೆಂಚಿನ ಮೂವರು ಗೈರು, ಮುಂದಿನ ಬೆಂಚಿನ ಇಬ್ಬರು ಗೈರು. ಶನಿವಾರಕ್ಕೆ ಹನ್ನೊಂದು ಜನ. ಪೆನ್ಸಿಲಿನಿಂದ ಹೋಯ್ತೋ, ಕೆಮ್ಮಿನಿಂದ ಹೋಯ್ತೋ, ಅಥವಾ ಬೇರೆ ಯಾವ ಮಗು ತಂದದ್ದೋ, ಯಾರೂ ಹೇಳೋಕಾಗಲ್ಲ. ಜ್ವರ ಕಾಣೋ ಹಿಂದಿನ ದಿನದಿಂದಲೇ ವೈರಸ್ಸು ಹೊರಗೆ ಬರೋಕೆ ಶುರುವಾಗಿರುತ್ತೆ. ಮಕ್ಕಳಲ್ಲಿ ದೊಡ್ಡವರಿಗಿಂತ ಹೆಚ್ಚು ದಿನ ಬರುತ್ತೆ.

ಮಕ್ಕಳೆಲ್ಲಾ ವಾರದಲ್ಲಿ ಎದ್ದು ಕುಣಿದಾಡಿದರು. ಏಳದೇ ಹೋದದ್ದು ಅಜ್ಜಿ. ಮೊದಲು ತಾಲ್ಲೂಕು ಆಸ್ಪತ್ರೆ, ಅಲ್ಲಿಂದ ದೊಡ್ಡಾಸ್ಪತ್ರೆ. ಗಂಟಲ ದ್ರವ ಪರೀಕ್ಷೆ ಮಾಡಿ ಇನ್‌ಫ್ಲುಯೆಂಜಾ ಎ ಅಂದರು, ಜೊತೆಗೆ ನ್ಯುಮೋನಿಯಾ. ಐದು ದಿನ ಆಮ್ಲಜನಕ. ಮಗ ಸೊಸೆ ಇಬ್ಬರ ಕೂಲಿಯೂ ಹೋಯ್ತು, ಜೊತೆಗೆ ಸಾಲ. ಅಜ್ಜಿ ಮನೆಗೆ ಬಂದರು, ಪುಣ್ಯ. ಆದರೆ ಬೆಳಿಗ್ಗೆ ಎದ್ದು ಮೊಮ್ಮಗಳಿಗೆ ರೊಟ್ಟಿ ತಟ್ಟಿ ಕಳಿಸುತ್ತಿದ್ದ ಆ ಜೀವ ಈಗ ಜಗಲಿಯಿಂದ ಇಳಿಯೋಕೆ ಗೋಡೆ ಹಿಡಿಯಬೇಕು.

ಒಂದಿನ ಊಟ ಆದಮೇಲೆ ಆ ಹುಡುಗಿ ನನ್ನ ಹತ್ತಿರ ಬಂದು ನಿಂತಳು. "ಮಿಸ್, ಅವತ್ತು ಅರಿಶ್ಣ ಹಚ್ಚಿ ತೋರ್ಸಿದ್ರಲ್ಲ... ಅಜ್ಜಿಗೆ ನನ್ ಕೈಯಿಂದ್ಲೇ ಹೋಯ್ತಾ ಮಿಸ್?"

ಏನು ಹೇಳ್ತೀರಿ? "ಇಲ್ಲ" ಅನ್ನೋಕೆ ವಿಜ್ಞಾನ ಬಿಡಲ್ಲ, "ಹೌದು" ಅನ್ನೋಕೆ ಬಾಯಿ ಬರಲ್ಲ. ಹೌದು ಅನ್ನೋದು ವಿಜ್ಞಾನವೂ ಅಲ್ಲ. "ಜ್ವರ ಯಾರ್ದೂ ಅಲ್ಲ ಕಣೇ. ಅದು ದಾರೀಲಿ ಹೋಗೋ ದಾಸಯ್ಯ ಇದ್ದ ಹಾಗೆ, ಬಾಗಿಲು ತೆಗೆದಿದ್ದ ಮನೆಗೆಲ್ಲಾ ಹೋಗುತ್ತೆ. ಬಾಗಿಲು ಹಾಕೋದು ದೊಡ್ಡವರ ಕೆಲಸ, ನಿಂದಲ್ಲ" ಅಂದೆ. ಅವಳು ತಲೆ ಆಡಿಸಿ ಹೋದಳು. ಒಪ್ಪಿದಳೋ ಇಲ್ಲವೋ. ಆದರೆ ಹೇಳಿದ ಮೇಲೆ ಆ ದೊಡ್ಡವರ ಕೆಲಸ ಮಾಡಬೇಕಲ್ಲ!

ಹೆಡ್ ಮೇಷ್ಟ್ರ ಹತ್ತಿರ ಹೋಗಿ ಪೂರ್ತಿ ಹಾಜರಾತಿಯ ಬಹುಮಾನ ನಿಲ್ಲಿಸಿಬಿಡೋಣ ಸಾರ್ ಅಂದೆ. ಅವರು ಒಳ್ಳೆಯವರು, ಆದರೆ ಇದಕ್ಕೆ ಜಗ್ಗಲಿಲ್ಲ. "ನೀವು ಬರೋ ಮುಂಚೆ ಇಲ್ಲಿ ಕಾಫಿ ಕೊಯ್ಲು ಬಂದ್ರೆ ಅರ್ಧ ಶಾಲೆ ಖಾಲಿ ಆಗ್ತಿತ್ತು ಮೇಡಂ. ಹಣ್ಣು ಹೆಕ್ಕೋಕೆ ಹೋದ ಮಕ್ಕಳು ವಾಪಸ್ ಬರ್ತಿರಲಿಲ್ಲ. ಡಬ್ಬಿ ಆಸೆಗೆ ಬರೋ ಹಾಗಾಗಿದೆ, ಅದನ್ನೂ ನಿಲ್ಲಿಸಬೇಕಾ?" ಅಂದರು. ಅವರ ಮಾತಲ್ಲೂ ಸತ್ಯ ಇತ್ತು. ಜ್ವರದ ಮಗು ಶಾಲೆಗೆ ಬರೋದು ತಪ್ಪು, ಆದರೆ ಶಾಲೆಗೇ ಬರದೇ ಇರೋ ಮಗು ಅದಕ್ಕಿಂತ ದೊಡ್ಡ ದುಃಖ. ಎರಡು ವಾರ ಎಳೆದಾಡಿ, ಎಸ್.ಡಿ.ಎಂ.ಸಿ. ಸಭೆಯಲ್ಲಿ ಇಟ್ಟು, ಕೊನೆಗೆ ಒಂದು ದಾರಿ ಮಾಡಿಕೊಂಡೆವು. ಡಬ್ಬಿ ಇರಲಿ. ಆದರೆ ಜ್ವರ ಅಂತ ಮನೆಯವರು ಹೇಳಿ ಕಳಿಸಿದ ದಿನ ಲೆಕ್ಕಕ್ಕಿಲ್ಲ. ಫೋನ್ ಮಾಡಿದರೂ ಸಾಕು, ಪಕ್ಕದ ಮನೆ ಹುಡುಗನ ಹತ್ತಿರ ಹೇಳಿ ಕಳಿಸಿದರೂ ಸಾಕು. ಜ್ವರದ ಮಾತ್ರೆ ಇಲ್ಲದೇ 24 ಗಂಟೆ ಜ್ವರ ಬರದೇ ಇದ್ದ ಮೇಲೆ ಶಾಲೆಗೆ. ಮನೇಲಿ ನೋಡಿಕೊಳ್ಳೋರು ಯಾರೂ ಇಲ್ಲದ ಮಗು ಬಂದೇಬಿಟ್ಟರೆ ಹಿಂದಕ್ಕೆ ಅಟ್ಟೋದಿಲ್ಲ, ವರಾಂಡದ ಗಾಳಿಯಲ್ಲಿ ಚಾಪೆ ಹಾಕಿ ಮಲಗಿಸ್ತೀವಿ. ಊಟ ಅಲ್ಲಿಗೇ ಹೋಗುತ್ತೆ.

ಎರಡನೇ ಯುದ್ಧ ಸೋಪಿನದ್ದು. ಸೋಪು ಇಡಬೇಕು ಅಂತ ಎಲ್ಲರಿಗೂ ಗೊತ್ತು, ಶಾಲಾ ಅನುದಾನದಲ್ಲಿ ತರಿಸ್ತಾರೆ ಕೂಡ. ಉಳಿಯೋದಿಲ್ಲ. ಮಳೆ ನೀರಿಗೆ ಕರಗಿ ಅರ್ಧ ಹೋಗುತ್ತೆ. ಉಳಿದದ್ದನ್ನ... ನಂಬಿ, ಕಾಗೆ ಎತ್ತಿಕೊಂಡು ಹೋಗುತ್ತೆ! (ಎಂಜಲಿಗೂ ಕಾಗೆ, ಸೋಪಿಗೂ ಕಾಗೆ.) ಉಪಾಯ ಹೇಳಿಕೊಟ್ಟಿದ್ದು ಬಿಸಿಯೂಟದ ಅಡುಗೆ ಅಕ್ಕ. ಬೆಳ್ಳುಳ್ಳಿ ಬರುತ್ತಲ್ಲ ಬಲೆ ಚೀಲ, ಅದರೊಳಗೆ ಸೋಪು ಹಾಕಿ ಗಂಟು ಹಾಕಿ ನಲ್ಲಿಗೇ ತೂಗುಬಿಟ್ಟರು. ಬಲೆ ಮೇಲಿಂದಲೇ ಉಜ್ಜಿದರೆ ನೊರೆ ಬರುತ್ತೆ, ನೀರು ನಿಲ್ಲಲ್ಲ, ಕಾಗೆಗೂ ಸಿಗಲ್ಲ. ಊಟಕ್ಕೆ ಮುಂಚೆ ಒಂದು ಸಲ, ಬೆಳಿಗ್ಗೆ ಕ್ಲಾಸಿಗೆ ಹೋಗೋ ಮುಂಚೆ ಒಂದು ಸಲ, ಸಾಲು ನಿಂತು ಕೈ ತೊಳೆಯೋದು. ಇಪ್ಪತ್ತು ಸೆಕೆಂಡು ಎಣಿಸೋಕೆ ಎರಡರ ಮಗ್ಗಿಯನ್ನ ನಿಧಾನಕ್ಕೆ ಒಂದು ಸಲ ಹೇಳಿದರೆ ಸರಿಹೋಗುತ್ತೆ. ಎಂಟನೇ ಕ್ಲಾಸಿನ ಹುಡುಗರಿಗೆ ಮಗ್ಗಿ ಹೇಳೋಕೆ ನಾಚಿಕೆಯಂತೆ, ಮನಸ್ಸಲ್ಲೇ ಹೇಳ್ಕೊತಾರೆ.

ಮೂರನೆಯದು ಕಿಟಕಿ. ಇರಚಲು ಬೀಳದ ಕಡೆಯ ಕಿಟಕಿ, ಬಾಗಿಲು ಎರಡೂ ತೆಗೆದೇ ಇರಬೇಕು, ಮಳೆ ಬರಲಿ ಚಳಿ ಇರಲಿ. "ಚಳಿ ಮಿಸ್" ಅಂದರೆ "ಸ್ವೆಟರ್ ಹಾಕ್ಕೋ". ಡಸ್ಟರು, ಚಿಲಕ, ಬೀಗದ ಕೈ, ಲೋಟ ಇವನ್ನ ಸಂಜೆ ಸೋಪು ನೀರಿನ ಬಟ್ಟೆಯಲ್ಲಿ ಒರೆಸ್ತೀವಿ. ಪಟ್ಟಿಯಲ್ಲಿ ಇದು ನಾಲ್ಕನೆಯದು, ಮೊದಲನೆಯದಲ್ಲ. ಜ್ವರದ ಮಗು ಮನೇಲಿ, ಕಿಟಕಿ ತೆರೆದು, ಕೈಗೆ ಸೋಪು, ಆಮೇಲೆ ಬೆಂಚು. ಹೈಪೋಕ್ಲೋರೈಟ್ ಪಂಪು ತೋಟಕ್ಕೆ ವಾಪಸ್ ಹೋಗಿ ಬೋರ್ಡೋ ಹೊಡೀತಾ ಇದೆ.

ಇದರಿಂದ ಜ್ವರ ನಿಂತುಹೋಯ್ತಾ ಅಂತ ಕೇಳಿದರೆ, ಇಲ್ಲ. ಫ್ಲೂ ಮತ್ತೆ ಬರುತ್ತೆ. ಒಂದು ಶಾಲೆಯ ಹಾಜರಿ ಪುಸ್ತಕ ಇಟ್ಟುಕೊಂಡು ನಾನು ಏನನ್ನೂ ಸಾಬೀತು ಮಾಡೋಕೆ ಹೋಗಲ್ಲ. ಆದರೆ ಒಂದು ಬದಲಾವಣೆ ಕಣ್ಣಿಗೆ ಕಾಣುತ್ತೆ. ಈಗ ಯಾರಾದರೂ ಮೂಗು ಕೈಯಲ್ಲಿ ಒರೆಸಿ ಪೆನ್ಸಿಲ್ ಕೊಡೋಕೆ ಹೋದರೆ ಪಕ್ಕದವನು ಕೈ ಹಿಂದಕ್ಕೆ ಎಳೆದುಕೊಂಡು "ಏಯ್, ಅರಿಶ್ಣ!" ಅಂತಾನೆ. ಸಿಂಬಳಕ್ಕೂ ಒಂದು ಮಡಿ ಹುಟ್ಟಿಕೊಂಡಿತು, ಅದಕ್ಕೆ ಮಕ್ಕಳೇ ಹೆಸರೂ ಇಟ್ಟರು :-)

ಕೊನೆಗೆ ನಿಮಗೊಂದು ಮಾತು. ಇಲ್ಲಿ ಓದೋರಲ್ಲಿ ಬೆಂಗಳೂರು, ಅಮೆರಿಕಾ, ದುಬೈ ಅಂತ ದೂರ ಇರೋರೇ ಹೆಚ್ಚು. ವರ್ಷಕ್ಕೊಮ್ಮೆ ಊರಿಗೆ ಬಂದಾಗ ಓದಿದ ಶಾಲೆಗೆ ಏನಾದರೂ ಕೊಡೋಣ ಅನ್ನಿಸುತ್ತೆ ನಿಮಗೆ. ಬೆಂಚು ಕೊಡ್ತೀರಿ, ಕಂಪ್ಯೂಟರ್ ಕೊಡ್ತೀರಿ, ಒಳ್ಳೆಯದೇ. ಮುಂದಿನ ಸಲ ಹೋದಾಗ ಆಫೀಸ್ ರೂಮಿಗೆ ಹೋಗೋ ಮುಂಚೆ ನಲ್ಲಿ ಹತ್ತಿರ ಎರಡು ನಿಮಿಷ ನಿಂತು ನೋಡಿ. ನೀರು ಬರುತ್ತಾ? ಸೋಪು ಇದೆಯಾ? ಸಣ್ಣ ಮಕ್ಕಳ ಕೈಗೆ ಎಟುಕುತ್ತಾ? ಇಲ್ಲ ಅಂದ್ರೆ ಒಂದು ವರ್ಷಕ್ಕೆ ಆಗೋಷ್ಟು ಸೋಪಿನ ಪೆಟ್ಟಿಗೆ ಕೊಟ್ಟು ಬನ್ನಿ. ಅದರ ಮೇಲೆ ನಿಮ್ಮ ಹೆಸರು ಬರೆಸೋಕಾಗಲ್ಲ, ಕರಗಿ ಹೋಗುತ್ತೆ. ಆದರೆ ಯಾವುದೋ ಮನೆಯ ಜಗಲಿಯಲ್ಲಿ ಒಬ್ಬ ಅಜ್ಜಿ ಗೋಡೆ ಹಿಡಿಯದೇ ಇಳಿದಾರು.

ಅಂದ ಹಾಗೆ, ಕಾಗೆ ಎಂಜಲಿಗೆ ನಿಮ್ಮ ಕಡೆ ಏನಂತಾರೆ? ಹೇಳಿ ಹೋಗಿ.